ತಿರುವಿನಲ್ಲಿ ಹಾರಿ ಬೀಳದ ಸ್ಲಾಟ್ ಕಾರು: ಹಿಡಿತ ಎಲ್ಲಿಂದ ಬರುತ್ತದೆ?

ಸ್ಲಾಟ್ ಕಾರು, ಅಂದರೆ ಟ್ರ್ಯಾಕಿನ ಸೀಳು ಹಿಡಿದು ಕರೆಂಟಿನಿಂದ ಓಡುವ ಪುಟ್ಟ ಆಟದ ಕಾರು, ಕೊಂಡವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಇದಕ್ಕೆ ಇನ್ನೂ ಜೋರಾದ ಮೋಟಾರ್ ಹಾಕಬಹುದಾ? ಹಾಕಬಹುದು. ಆದರೆ ಹಾಕಿದ ಮೇಲೆ ಲ್ಯಾಪ್ ಸಮಯ (ಟ್ರ್ಯಾಕಿನ ಒಂದು ಸುತ್ತಿಗೆ ಹಿಡಿಯುವ ಹೊತ್ತು) ಕಡಿಮೆಯಾಗುವ ಬದಲು ಎಷ್ಟೋ ಸಲ ಜಾಸ್ತಿಯೇ ಆಗುತ್ತದೆ. ಯಾಕೆ ಹೀಗೆ ಅಂತ ಅರ್ಥವಾದರೆ ಗಾಡಿಯ ಮೇಲೆ ಏನು ಕೆಲಸ ಮಾಡಬೇಕು, ಯಾವುದನ್ನು ಮೊದಲು ಮಾಡಬೇಕು ಅನ್ನುವುದೂ ಗೊತ್ತಾಗುತ್ತದೆ.

ಈ ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಟ್ರ್ಯಾಕಿನಲ್ಲಿ ಒಂದೊಂದು ಲೇನಿಗೆ ಒಂದೊಂದು ಸೀಳು ಇರುತ್ತದೆ. ಅದೇ ಸ್ಲಾಟ್. ಸೀಳಿನ ಎರಡೂ ಬದಿಗೆ ಲೋಹದ ಪಟ್ಟಿ ಇದೆ. ಅದನ್ನು ರೈಲು ಅನ್ನುತ್ತಾರೆ. ಕಾರಿನ ಮೂತಿಯ ಕೆಳಗಿರುವ ಗೈಡ್ ಒಂದು ಪ್ಲಾಸ್ಟಿಕ್ ಅಲಗು. ಅದು ಸೀಳಿನೊಳಗೆ ಇಳಿದು ಕಾರನ್ನು ದಾರಿಯಲ್ಲಿ ಇಡುತ್ತದೆ. ಗೈಡಿನ ಎರಡು ಪಕ್ಕದಲ್ಲಿ ಸಣ್ಣ ತಾಮ್ರದ ಎಳೆಗಳನ್ನು ಹೆಣೆದು ಮಾಡಿದ ಬ್ರೇಡ್ ಇರುತ್ತದೆ. ಅದು ರೈಲಿನಿಂದ ಕರೆಂಟು ತೆಗೆದುಕೊಂಡು ಮೋಟಾರಿಗೆ ಕೊಡುತ್ತದೆ. ಸ್ಟೀರಿಂಗ್ ಇಲ್ಲ, ಬ್ರೇಕ್ ಪೆಡಲ್ ಇಲ್ಲ. ಕೈಯಲ್ಲಿರುವುದು ಕಂಟ್ರೋಲರಿನ ಟ್ರಿಗರ್ ಮಾತ್ರ. ಅದನ್ನು ಒತ್ತಿದಷ್ಟೂ ಕಾರಿನ ವೇಗ ಹೆಚ್ಚುತ್ತದೆ.

ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ ಅವರ ಮಿನಿಮಾಡೆಲ್ಸ್ ಕಂಪನಿ ಮೊದಲು ಸ್ಕೇಲೆಕ್ಸ್ ಹೆಸರಿನ, ಸ್ಪ್ರಿಂಗಿನಿಂದ ಓಡುವ ತಗಡಿನ ಕಾರು ಮಾಡುತ್ತಿತ್ತು. ಅದಕ್ಕೆ ಎಲೆಕ್ಟ್ರಿಕ್ ಮೋಟಾರ್ ಕೂಡಿಸಿ 1957ರಲ್ಲಿ ಸ್ಕೇಲೆಕ್ಸ್‌ಟ್ರಿಕ್ ತಂದರು. ಮೊದಲ ಎರಡು ಕಾರುಗಳು ಮಾಸೆರಾಟಿ ಮತ್ತು ಫೆರಾರಿ. ಬ್ರಿಟನ್ನಿನಲ್ಲಿ ಇಂದಿಗೂ ಎಷ್ಟೋ ಜನ ಯಾವ ಕಂಪನಿಯ ಸ್ಲಾಟ್ ಕಾರನ್ನಾದರೂ ಸ್ಕೇಲೆಕ್ಸ್‌ಟ್ರಿಕ್ ಅಂತಲೇ ಕರೆಯುತ್ತಾರೆ. ಜರ್ಮನಿಯ ಕರೇರಾ, ಸ್ಪೇನಿನ ನಿಂಕೋ, ಇಟಲಿಯ ಸ್ಲಾಟ್ ಇಟ್ ಮತ್ತು ಎನ್‌ಎಸ್‌ಆರ್ ಇದೇ ಲೋಕದ ಬೇರೆ ಹೆಸರುಗಳು. ಕೊನೆಯ ಎರಡು ಕಂಪನಿಗಳ ಗಾಡಿಗಳನ್ನು ರೇಸಿಗೆ ಅಂತಲೇ ಮಾಡಿರುತ್ತಾರೆ. ಇಲ್ಲಿ ನಾನು ತೆಗೆದುಕೊಳ್ಳುವುದು ಮನೆಗಳಲ್ಲಿ ಜಾಸ್ತಿ ಇರುವ 1/32 ಅಳತೆಯ ಸಾಮಾನ್ಯ ಕಾರು. 4.5 ಮೀಟರ್ ಉದ್ದದ ನಿಜವಾದ ಕಾರು ಇದರಲ್ಲಿ ಸುಮಾರು 14 ಸೆಂ.ಮೀ. ಆಗುತ್ತದೆ.

ಈಗ ಮೋಟಾರಿನ ಲೆಕ್ಕ ನೋಡೋಣ. ಸ್ಕೇಲೆಕ್ಸ್‌ಟ್ರಿಕ್ ಕಾರಿನ ಸಾಧಾರಣ ಮೋಟಾರ್ 12 ವೋಲ್ಟಿಗೆ ನಿಮಿಷಕ್ಕೆ ಸುಮಾರು 18,000 ಸುತ್ತು ತಿರುಗುತ್ತದೆ. ಮೋಟಾರಿನ ಕಡ್ಡಿಯಲ್ಲಿರುವ ಪಿನಿಯನ್ ಅನ್ನುವ ಪುಟ್ಟ ಗೇರಿಗೆ 11 ಹಲ್ಲು, ಹಿಂದಿನ ಆಕ್ಸಲ್‌ನ (ಚಕ್ರಗಳನ್ನು ಜೋಡಿಸುವ ಕಡ್ಡಿಯ) ಗೇರಿಗೆ 36 ಹಲ್ಲು ಅಂತಿಟ್ಟುಕೊಳ್ಳಿ. ಆಗ ಚಕ್ರ ತಿರುಗುವುದು ನಿಮಿಷಕ್ಕೆ 5,500 ಸುತ್ತು. ಟಯರಿನ ವ್ಯಾಸ 20 ಮಿ.ಮೀ. ಇದ್ದರೆ ಒಂದು ಸುತ್ತಿಗೆ ಕಾರು 63 ಮಿ.ಮೀ. ಮುಂದೆ ಹೋಗುತ್ತದೆ. ಅಲ್ಲಿಗೆ ಲೆಕ್ಕದ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 5.8 ಮೀಟರ್. ಭಾರ, ಉಜ್ಜಾಟ ಎಲ್ಲ ಸೇರಿದರೆ ಇದಕ್ಕಿಂತ ಕಡಿಮೆ ಸಿಗುತ್ತದೆ, ಇರಲಿ.

ಇನ್ನು ತಿರುವಿನ ಲೆಕ್ಕ. ಕಾರು ತಿರುಗಬೇಕಾದರೆ ಅದನ್ನು ಒಳಬದಿಗೆ ಎಳೆಯುವ ಬಲ ಬೇಕು. ಆ ಬಲ ಬರುವುದು ಟಯರ್ ನೆಲವನ್ನು ಹಿಡಿಯುವುದರಿಂದ, ಮತ್ತು ಗೈಡ್ ಸೀಳಿನ ಗೋಡೆಗೆ ಒತ್ತುವುದರಿಂದ. ಟಯರಿನ ಹಿಡಿತ ಕಾರಿನ ತೂಕದಷ್ಟೇ ಇದೆ ಅಂತ ಇಟ್ಟುಕೊಂಡರೆ, 25 ಸೆಂ.ಮೀ. ತ್ರಿಜ್ಯದ ತಿರುವಿನಲ್ಲಿ ಕಾರಿನ ಬಾಲ ಜಾರದೆ ಹೋಗಬಹುದಾದ ವೇಗ ಸೆಕೆಂಡಿಗೆ 1.6 ಮೀಟರಿಗೂ ಸ್ವಲ್ಪ ಕಡಿಮೆ. ಅಂದರೆ ತಿರುವು ತಡೆಯುವ ವೇಗದ ಮೂರೂವರೆ ಪಟ್ಟು ವೇಗ ಕೊಡುವ ಶಕ್ತಿ ಸಾಧಾರಣ ಮೋಟಾರಿನಲ್ಲಿ ಆಗಲೇ ಇದೆ. ಮನೆಯ ಟ್ರ್ಯಾಕಿನಲ್ಲಿ ನೇರದಾರಿ ಇರುವುದು ಎರಡು ಮೂರು ಮೀಟರ್. ಕಾರು ಪೂರ್ತಿ ವೇಗ ಹಿಡಿಯುವ ಮೊದಲೇ ಮುಂದಿನ ತಿರುವು ಬಂದುಬಿಡುತ್ತದೆ. ಜೋರಾದ ಮೋಟಾರ್ ಹಾಕಿದರೆ ಹಿಂದಿನ ಚಕ್ರ ಸುಮ್ನೆ ಸುತ್ತುತ್ತದೆ, ಟ್ರಿಗರ್ ಹಿಡಿತಕ್ಕೆ ಸಿಗುವುದಿಲ್ಲ, ಕಾರು ಹೊರಗೆ ಹಾರುತ್ತದೆ. ಸಮಯ ಉಳಿಸಬೇಕಾದ್ದು ತಿರುವಿನಲ್ಲಿ.

ಈ ಲೆಕ್ಕದಲ್ಲಿ ಇನ್ನೊಂದು ಸಂಗತಿ ಇದೆ. ತಿರುವಿನ ವೇಗ ಹಿಡಿತದ ವರ್ಗಮೂಲದ ಹಾಗೆ ಏರುತ್ತದೆ. ಹಿಡಿತ 20% ಹೆಚ್ಚಿಸಿದರೆ ವೇಗ ಹೆಚ್ಚುವುದು 10%ಕ್ಕೂ ಸ್ವಲ್ಪ ಕಡಿಮೆ. ಆದರೂ ಪ್ರತಿ ತಿರುವಿನಲ್ಲೂ ಅಷ್ಟು ಸಿಕ್ಕರೆ, ಅದೇ ಹೆಚ್ಚಿನ ವೇಗದಲ್ಲಿ ನೇರದಾರಿಗೆ ಕಾಲಿಟ್ಟರೆ, ಅದು ಸಣ್ಣ ಲಾಭ ಅಲ್ಲ.

ಹಾಗಾದರೆ ಕಾರು ನೆಲ ಮುಟ್ಟುವುದು ಎಲ್ಲೆಲ್ಲಿ? ನೋಡಲು ನಾಲ್ಕು ಚಕ್ರ ಇದ್ದರೂ ಕೆಲಸ ಮಾಡುವುದು ಮೂರು ಜಾಗ. ಮುಂದೆ ಗೈಡ್, ಹಿಂದೆ ಎರಡು ಟಯರ್. ಸ್ಲಾಟ್ ಕಾರು ನಿಜಕ್ಕೂ ಒಂದು ಆಟೋರಿಕ್ಷಾ. ಆಟೋ ರಭಸದಿಂದ ತಿರುಗಿದಾಗ ಹೇಗೆ ಒಂದು ಪಕ್ಕ ಎದ್ದು ವಾಲುತ್ತದೋ ಇದೂ ಹಾಗೇ. ಮುಂದಿನ ಎರಡು ಚಕ್ರಗಳು ಪಕ್ಕಕ್ಕೆ ಆಸರೆ ಮಾತ್ರ. ಈ ಮೂರು ಜಾಗ ಚೆನ್ನಾಗಿದ್ದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಅದಕ್ಕೂ ಮೊದಲು ಅಯಸ್ಕಾಂತದ ವಿಷಯ ಇತ್ಯರ್ಥ ಮಾಡಿಕೊಳ್ಳಬೇಕು. ಪೆಟ್ಟಿಗೆಯಿಂದ ತೆಗೆದ ಹೆಚ್ಚಿನ ಕಾರುಗಳ ಹೊಟ್ಟೆಯ ಕೆಳಗೆ ಒಂದು ಮ್ಯಾಗ್ನೆಟ್ ಇರುತ್ತದೆ. ಅದು ಉಕ್ಕಿನ ರೈಲನ್ನು ಎಳೆದು ಕಾರನ್ನು ನೆಲಕ್ಕೆ ಒತ್ತುತ್ತದೆ. 1970ರ ದಶಕದಲ್ಲಿ ಅಮೆರಿಕದ ಅರೋರಾ ಕಂಪನಿ ತನ್ನ ಪುಟ್ಟ ಕಾರುಗಳಲ್ಲಿ ಈ ಉಪಾಯ ಬಳಸಿತ್ತು. ಮ್ಯಾಗ್ನೆಟ್‌ನ ಎಳೆತ ಕಾರಿನ ತೂಕದ ಎರಡು ಪಟ್ಟು ಇದ್ದರೆ ಟಯರಿನ ಮೇಲಿನ ಒತ್ತಡ ಒಟ್ಟು ಮೂರು ಪಟ್ಟಾಗುತ್ತದೆ. ಆಗ ಮೇಲೆ ಸೆಕೆಂಡಿಗೆ 1.6 ಮೀಟರ್ ಅಂತ ಹೇಳಿದ ಅದೇ ತಿರುವಿನಲ್ಲಿ 2.7 ಮೀಟರ್ ವೇಗ ಸಿಗುತ್ತದೆ. ಮಕ್ಕಳಿಗೆ, ಹೊಸಬರಿಗೆ ಇದು ಒಳ್ಳೆಯದು. ಆದರೆ ಮ್ಯಾಗ್ನೆಟ್‌ನ ಎಳೆತ ದೂರ ಹೆಚ್ಚಾದ ಹಾಗೆ ಬೇಗ ಬೇಗ ಇಳಿಯುತ್ತದೆ. ಕಾರಿನ ಬಾಲ ಸ್ವಲ್ಪ ಜಾರಿ ಮ್ಯಾಗ್ನೆಟ್ ರೈಲಿನ ಮೇಲಿಂದ ಪಕ್ಕಕ್ಕೆ ಸರಿದರೆ ಎಲ್ಲ ಒತ್ತಡ ಒಂದೇ ಸಲಕ್ಕೆ ಹೋಗುತ್ತದೆ. ಆ ಕ್ಷಣದವರೆಗೆ ಏನೂ ಸೂಚನೆ ಇಲ್ಲ, ಆಮೇಲೆ ಕಾರು ಗೋಡೆಯ ಹತ್ತಿರ. ಮೋಟಾರ್ ಸಹ ಆ ಎಳೆತದ ವಿರುದ್ಧ ದುಡಿದು ಬಿಸಿಯಾಗುತ್ತದೆ.

ಅದಕ್ಕೇ ಬ್ರಿಟನ್ ಮತ್ತು ಯೂರೋಪಿನ ಅನೇಕ ಕ್ಲಬ್‌ಗಳಲ್ಲಿ ಮ್ಯಾಗ್ನೆಟ್ ತೆಗೆದೇ ಓಡಿಸುತ್ತಾರೆ. ನನ್ನ ಒಲವೂ ಅದೇ. ಮ್ಯಾಗ್ನೆಟ್ ಇಲ್ಲದ ಕಾರು ಮೊದಲು ಬಾಲ ತೋರಿಸುತ್ತದೆ, ನಿಧಾನಕ್ಕೆ ಜಾರುತ್ತದೆ, ಟ್ರಿಗರ್ ಸಡಿಲಿಸಿ ಹಿಡಿಯಲು ಸಮಯ ಕೊಡುತ್ತದೆ. ಓಡಿಸುವವರ ಕೈಚಳಕ ಕಾಣುವುದೇ ಅಲ್ಲಿ. ಇನ್ನೂ ಒಂದು ಕಾರಣ ಇದೆ. ಮ್ಯಾಗ್ನೆಟ್ ಎಲ್ಲ ದೋಷಗಳನ್ನೂ ಮುಚ್ಚಿಡುತ್ತದೆ. ತೆಗೆದ ಕೂಡಲೇ ಕಾರು ಕುಣಿಯುತ್ತದೆ, ನಡುಗುತ್ತದೆ, ಎಲ್ಲೆಲ್ಲಿ ಕೆಲಸ ಬಾಕಿ ಇದೆ ಅಂತ ತಾನೇ ಹೇಳುತ್ತದೆ.

ಕೆಲಸ ಶುರುವಾಗಬೇಕಾದ್ದು ಟ್ರ್ಯಾಕಿನಿಂದ. ರೈಲಿನ ಮೇಲೆ ಕಿಲುಬು, ಟ್ರ್ಯಾಕಿನ ಮೇಲೆ ಧೂಳು ಇದ್ದರೆ ಕಾರಿಗೆ ಏನು ಮಾಡಿದರೂ ವ್ಯರ್ಥ. ಒಣ ಬಟ್ಟೆಯಿಂದ ಧೂಳು ಒರೆಸಿ, ರೈಲನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ತಿಕ್ಕಿದರೆ ಸಾಕು. ದೂರದ ಭಾಗದಲ್ಲಿ ಕಾರು ಮಂಕಾದರೆ ಟ್ರ್ಯಾಕ್ ತುಂಡುಗಳ ಜೋಡಣೆ ಸಡಿಲ ಇದೆ ಅಂತ ಅರ್ಥ. ಉದ್ದದ ಟ್ರ್ಯಾಕ್ ಆದರೆ ಇನ್ನೊಂದು ಕಡೆಯಿಂದಲೂ ವೈರ್ ಎಳೆದು ಕರೆಂಟು ಕೊಡಬೇಕು.

ಮುಂದೆ ಗೈಡ್. ಗೈಡ್ ಸೀಳಿನೊಳಗೆ ಪೂರ್ತಿ ಇಳಿದಿರಬೇಕು, ಎಡಕ್ಕೂ ಬಲಕ್ಕೂ ಸರಾಗವಾಗಿ ತಿರುಗಬೇಕು. ಇದನ್ನು ಕೆಡಿಸುವ ಕಾರಣಗಳು ಎರಡು. ಒಂದು, ಬ್ರೇಡ್. ಹೊಸ ಬ್ರೇಡ್ ಗಡುಸಾಗಿ ಕೆಳಕ್ಕೆ ಬಾಗಿರುತ್ತದೆ, ಸ್ಪ್ರಿಂಗಿನ ಹಾಗೆ ಮೂತಿಯನ್ನು ಮೇಲಕ್ಕೆ ತಳ್ಳುತ್ತದೆ. ಕಾರನ್ನು ಟ್ರ್ಯಾಕಿನ ಮೇಲಿಟ್ಟು ಮೂತಿಯನ್ನು ಬೆರಳಿನಿಂದ ಒತ್ತಿ ಬಿಡಿ. ಮೇಲಕ್ಕೆ ಪುಟಿದರೆ ಬ್ರೇಡನ್ನು ಚಪ್ಪಟೆ ಮಾಡಿ, ತುದಿ ಮಾತ್ರ ರೈಲನ್ನು ಮೆದುವಾಗಿ ಸವರುವ ಹಾಗೆ ಬಾಗಿಸಬೇಕು. ಎರಡು, ಮುಂದಿನ ಚಕ್ರ. ಅದು ದೊಡ್ಡದಾಗಿದ್ದರೆ ಗೈಡನ್ನು ಎತ್ತಿ ಹಿಡಿಯುತ್ತದೆ. ಕಾರು ಟ್ರ್ಯಾಕಿನಲ್ಲಿ ಕೂತಾಗ ಮುಂದಿನ ಟಯರ್ ನೆಲವನ್ನು ಮುಟ್ಟಿತೋ ಇಲ್ಲವೋ ಅನ್ನುವಷ್ಟು ಎತ್ತರ ಸರಿ. ಜಾಸ್ತಿ ಇದ್ದರೆ ಸ್ಯಾಂಡ್ ಪೇಪರಿನಿಂದ ಉಜ್ಜಿ ಚಿಕ್ಕದು ಮಾಡಿ. ಆಮೇಲೆ ಅದಕ್ಕೆ ನೇಲ್ ಪಾಲಿಶ್ ಅಥವಾ ಸೂಪರ್ ಗ್ಲೂವಿನ ತೆಳು ಪದರ ಹಚ್ಚಿ. ಮುಂದಿನ ಟಯರಿಗೆ ಹಿಡಿತ ಬೇಕಾಗಿಯೇ ಇಲ್ಲ. ಅದು ಸ್ಟೀರಿಂಗಿನ ಹಾಗೆ ಎಡಬಲಕ್ಕೆ ಹೊರಳುವುದೂ ಇಲ್ಲ, ನೆಲವನ್ನು ಕಚ್ಚಿದರೆ ತಿರುವಿನಲ್ಲಿ ಕಾರನ್ನು ಎಳೆದು ನಿಲ್ಲಿಸುತ್ತದೆ ಅಷ್ಟೇ. ಗಟ್ಟಿಯಾಗಿ ನುಣುಪಾಗಿದ್ದರೆ ಜಾರಿಕೊಂಡು ಹೋಗುತ್ತದೆ.

ಹಿಂದಿನ ಟಯರಿನ ಮೇಲೆ ಎಷ್ಟು ಹೊತ್ತು ಕಳೆದರೂ ನಷ್ಟವಿಲ್ಲ. ಇಡೀ ಕಾರಿನಲ್ಲಿ ಒಂದೇ ಒಂದು ಕೆಲಸ ಮಾಡಲು ಸಮಯ ಇದ್ದರೆ ಇದನ್ನೇ ಮಾಡಿ ಅನ್ನುತ್ತೇನೆ. ಕಾರ್ಖಾನೆಯಿಂದ ಬಂದ ಟಯರ್ ನೋಡಲು ದುಂಡಗಿದ್ದರೂ ಅಳೆದರೆ ದುಂಡಗಿರುವುದಿಲ್ಲ. ನಡುವೆ ಅಚ್ಚಿನ ಗೆರೆ, ಒಂದು ಕಡೆ ಉಬ್ಬು, ರಿಮ್ಮಿನ ಮೇಲೆ ವಾರೆಯಾಗಿ ಕೂತಿರುವುದು, ಹೀಗೆ. ನಿಮಿಷಕ್ಕೆ ಸಾವಿರಾರು ಸಲ ತಿರುಗುವಾಗ ಆ ಉಬ್ಬು ಕಾರನ್ನು ಅಷ್ಟೇ ಸಲ ಕುಟ್ಟುತ್ತದೆ. ಟಯರ್ ಗಾಳಿಯಲ್ಲಿದ್ದಷ್ಟು ಹೊತ್ತು ಹಿಡಿತ ಸೊನ್ನೆ. ನೇರದಾರಿಯಲ್ಲಿ ಕಾರು ಗರಗರ ಅಂತ ಸದ್ದು ಮಾಡುವುದೂ ಇದರಿಂದಲೇ.

ಮಾಡುವ ಕ್ರಮ ಹೀಗೆ. ಮೊದಲು ಟಯರನ್ನು ರಿಮ್ಮಿನಿಂದ ತೆಗೆಯಿರಿ. ರಿಮ್ಮಿನ ಮೇಲೆ ಪ್ಲಾಸ್ಟಿಕ್ ಮುಳ್ಳು, ಏಣು ಇದ್ದರೆ ಕೆರೆದು ನುಣುಪು ಮಾಡಿ. ಟಯರನ್ನು ಮತ್ತೆ ನೆಟ್ಟಗೆ ಕೂರಿಸಿ, ಅಂಚಿನಲ್ಲಿ ತೆಳುವಾಗಿ ಅಂಟು ಹಾಕಿ. ಅಂಟು ಹಾಕದಿದ್ದರೆ ವೇಗದಲ್ಲಿ ಟಯರ್ ಹಿಗ್ಗಿ ರಿಮ್ಮಿನ ಮೇಲೆ ಜಾರುತ್ತದೆ. ಚೆನ್ನಾಗಿ ಒಣಗಿದ ಮೇಲೆ ಟ್ರ್ಯಾಕಿನ ಮೇಲೆ ಹಿಂದಿನ ಚಕ್ರ ಬರುವ ಜಾಗಕ್ಕೆ ವಾಟರ್ ಪೇಪರ್ (ಒಂದು ಬಗೆಯ ಸ್ಯಾಂಡ್ ಪೇಪರ್) ಅಂಟಿಸಿ. ಗೈಡ್ ಮಾತ್ರ ಅದರ ಮುಂದೆ ಸೀಳಿನಲ್ಲಿ ಕೂತು ಕರೆಂಟು ತೆಗೆದುಕೊಳ್ಳಬೇಕು. ಕಾರನ್ನು ಕೈಯಲ್ಲಿ ಹಗುರವಾಗಿ ಹಿಡಿದು ಕಡಿಮೆ ವೇಗದಲ್ಲಿ ಚಕ್ರ ತಿರುಗಿಸಿ. ಒತ್ತಬೇಡಿ. ಒತ್ತಿದರೆ ಟಯರ್ ಬಿಸಿಯಾಗಿ ಹರಿಯುತ್ತದೆ, ಮೋಟಾರೂ ಸುಡುತ್ತದೆ. ಆಗಾಗ ನಿಲ್ಲಿಸಿ, ತಣಿಯಲು ಬಿಟ್ಟು ನೋಡಿ. ಟಯರಿನ ಅಗಲಕ್ಕೂ ಒಂದೇ ಬಣ್ಣದ ಮಬ್ಬು ಬಂದರೆ ಅದು ನೆಲವನ್ನು ಪೂರ್ತಿ ಮುಟ್ಟುತ್ತಿದೆ ಅಂತ. ಹೊಳಪು ಉಳಿದ ಜಾಗ ಇನ್ನೂ ತಗ್ಗಿನಲ್ಲಿದೆ. 240 ನಂಬರಿನ ಪೇಪರಿನಲ್ಲಿ ಶುರು ಮಾಡಿ 600ರಲ್ಲಿ ಮುಗಿಸಬಹುದು. ಕೊನೆಗೆ ಹೊರ ಅಂಚನ್ನು ಸ್ವಲ್ಪ ದುಂಡಗೆ ಮಾಡಿ. ಚೂಪಾದ ಅಂಚು ತಿರುವಿನಲ್ಲಿ ನೆಲಕ್ಕೆ ಸಿಕ್ಕಿಕೊಂಡು ಕಾರನ್ನು ಮಗುಚುತ್ತದೆ. ರಬ್ಬರ್ ಪುಡಿ ಮೂಗಿಗೆ ಹೋಗದ ಹಾಗೆ ಮಾಸ್ಕ್ ಹಾಕಿಕೊಳ್ಳಿ.

ಟಯರಿನ ಜಾತಿಯೂ ಮುಖ್ಯ. ಬಣ್ಣ ಬಳಿದ ಮರದ ಟ್ರ್ಯಾಕಿಗೆ ಮೆತ್ತನೆಯ ರಬ್ಬರ್ ಒಗ್ಗುತ್ತದೆ. ಪ್ಲಾಸ್ಟಿಕ್ ಟ್ರ್ಯಾಕಿನಲ್ಲಿ ಯುರೆಥೇನ್ ಟಯರ್ ಚೆನ್ನಾಗಿ ಕೆಲಸ ಮಾಡುತ್ತದೆ, ಅದನ್ನೂ ಉಜ್ಜಿ ದುಂಡಗೆ ಮಾಡಬಹುದು. ಸಿಲಿಕೋನ್ ಟಯರ್ ಸ್ವಚ್ಛವಾದ ನುಣುಪು ಟ್ರ್ಯಾಕಿನಲ್ಲಿ ಅದ್ಭುತವಾಗಿ ಹಿಡಿಯುತ್ತದೆ, ಆದರೆ ಧೂಳು ಕೂತ ತಕ್ಷಣ ಕೈಕೊಡುತ್ತದೆ. ಸಾಮಾನ್ಯ ಪೇಪರಿನಲ್ಲಿ ಉಜ್ಜಲೂ ಬಗ್ಗುವುದಿಲ್ಲ. ಯಾವುದೇ ಟಯರ್ ಇರಲಿ, ಓಡಿಸುವ ಮುನ್ನ ಅಂಟು ಟೇಪಿನ ಮೇಲೆ ಉರುಳಿಸಿ ಧೂಳು ತೆಗೆಯಿರಿ. ಎರಡು ನಿಮಿಷದ ಈ ಕೆಲಸಕ್ಕೆ ಸಿಗುವ ಫಲ ದುಡ್ಡು ಕೊಟ್ಟು ತಂದ ಎಷ್ಟೋ ಬಿಡಿಭಾಗಗಳಿಂದ ಸಿಗುವುದಿಲ್ಲ.

ಆಕ್ಸಲ್ ಬಗ್ಗಿದ್ದರೆ ಟಯರಿನ ಮೇಲೆ ಪಟ್ಟ ಶ್ರಮ ಹಾಳು. ಅದನ್ನು ಗಾಜಿನ ಮೇಲೆ ಉರುಳಿಸಿ ನೋಡಿ. ಆಕ್ಸಲ್ ತಿರುಗುವ ಪುಟ್ಟ ಬುಷ್‌ಗಳು ಚಾಸಿಯಲ್ಲಿ (ಕಾರಿನ ತಳದ ಚೌಕಟ್ಟಿನಲ್ಲಿ) ಅಲ್ಲಾಡುತ್ತಿದ್ದರೆ ಹೊರಗಿನಿಂದ ಒಂದು ಚುಕ್ಕೆ ಸೂಪರ್ ಗ್ಲೂ ಹಾಕಿ ಹಿಡಿಸಬೇಕು. ಅಂಟು ಆಕ್ಸಲಿಗೆ ತಾಗಬಾರದು. ಆಕ್ಸಲ್ ಪಕ್ಕಕ್ಕೆ ಅರ್ಧ ಮಿ.ಮೀ. ಸರಿದಾಡಿದರೆ ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ಇದ್ದರೆ ವಾಷರ್ ಹಾಕಿ. ಮೋಟಾರ್ ತನ್ನ ಜಾಗದಲ್ಲಿ ಅಲುಗಿದರೆ ಗೇರಿನ ಹಲ್ಲುಗಳ ಅಂತರ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಅದನ್ನೂ ಅಂಟಿನಿಂದ ಬಿಗಿ ಮಾಡಬೇಕು. ಹೊಲಿಗೆ ಮಿಷಿನ್ ಎಣ್ಣೆ ಬುಷ್‌ಗೆ ಒಂದು ಹನಿ ಸಾಕು, ಜಾಸ್ತಿಯಾದರೆ ಟಯರಿಗೆ ಹರಿಯುತ್ತದೆ.

ಚಾಸಿ ಚಪ್ಪಟೆಯಾಗಿದೆಯಾ ಅಂತಲೂ ಗಾಜಿನ ಮೇಲಿಟ್ಟೇ ನೋಡಬೇಕು. ಪ್ಲಾಸ್ಟಿಕ್ ಚಾಸಿ ತಿರುಚಿಕೊಂಡಿರುವುದು ತುಂಬ ಸಾಮಾನ್ಯ. ಮೋಟಾರ್, ವೈರ್ ಎಲ್ಲ ತೆಗೆದು, ಚಾಸಿಯನ್ನು ಗಾಜಿನ ಚೂರಿಗೆ ಒತ್ತಿ ಕಟ್ಟಿ, ಬಿಸಿ ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ, ಹಾಗೇ ತಣಿಯಲು ಬಿಟ್ಟರೆ ನೆಟ್ಟಗಾಗುತ್ತದೆ.

ಮೇಲಿನ ಬಾಡಿಯನ್ನು ಚಾಸಿಗೆ ಹಿಡಿಸುವ ಸ್ಕ್ರೂಗಳನ್ನು ಬಿಗಿಯಾಗಿ ತಿರುಗಿಸುವುದು ಸಹಜ, ಅಲ್ವಾ? ಮ್ಯಾಗ್ನೆಟ್ ಇಲ್ಲದ ಕಾರಿಗೆ ಅದು ಬೇಡ. ಪೂರ್ತಿ ಬಿಗಿ ಮಾಡಿ, ಆಮೇಲೆ ಅರ್ಧದಿಂದ ಒಂದು ಸುತ್ತು ಹಿಂದಕ್ಕೆ ತಿರುಗಿಸಿ. ಬಾಡಿ ಚಾಸಿಯ ಮೇಲೆ ಸ್ವಲ್ಪ ಅಲುಗಾಡಬೇಕು. ಹೀಗೆ ಮಾಡಿದಾಗ ಚಕ್ರದ ನಡುಕ ಬಾಡಿಗೆ ಹೋಗಿ ದೊಡ್ಡದಾಗುವುದಿಲ್ಲ, ಟಯರ್ ನೆಲ ಬಿಡುವುದಿಲ್ಲ. ಖರ್ಚೇ ಇಲ್ಲದ ಈ ಬದಲಾವಣೆಯ ಫಲ ಮೊದಲ ಲ್ಯಾಪಿನಲ್ಲೇ ಕಿವಿಗೆ ಕೇಳುತ್ತದೆ.

ಈಗ ತೂಕ. ಇದರ ಬಗ್ಗೆ ಗೊಂದಲ ಜಾಸ್ತಿ. ತೂಕ ಹೆಚ್ಚಾದರೆ ಹಿಡಿತ ಹೆಚ್ಚಾಗುತ್ತದೆ, ನಿಜ. ಆದರೆ ಭಾರದ ಕಾರನ್ನು ತಿರುಗಿಸಲು ಬೇಕಾದ ಬಲವೂ ಅಷ್ಟೇ ಹೆಚ್ಚಾಗುತ್ತದೆ. ಎರಡೂ ಒಂದಕ್ಕೊಂದು ವಜಾ. ಹಾಗಿದ್ದರೂ ಸೀಸದ ತಗಡು ಅಂಟಿಸುವುದು ಯಾಕೆ? ಭಾರದ ಕೇಂದ್ರವನ್ನು ಕೆಳಕ್ಕೆ ತರಲು, ಗೈಡನ್ನು ಸೀಳಿನಲ್ಲಿ ಕೂರಿಸಲು, ಸಣ್ಣ ನಡುಕವನ್ನು ತಣಿಸಲು. ಆಟೋದ ಆಕಾರ ನೆನಪಿಡಿ. ಮುಂದೆ ಒಂದು ಬಿಂದು, ಹಿಂದೆ ಎರಡು, ಅಂದರೆ ನೆಲೆ ತ್ರಿಕೋನ. ಭಾರ ಹಿಂದಕ್ಕೆ ಇದ್ದಷ್ಟೂ ತ್ರಿಕೋನದ ಅಗಲವಾದ ಭಾಗದ ಮೇಲೆ ಬೀಳುತ್ತದೆ, ಕಾರು ವಾಲುವುದು ಕಡಿಮೆ. ಆದರೆ ತೀರಾ ಹಿಂದಕ್ಕೆ ಹೋದರೆ ಟ್ರಿಗರ್ ಒತ್ತಿದಾಗ ಮೂತಿ ಎದ್ದು ಗೈಡ್ ಸೀಳಿನಿಂದ ಹೊರಗೆ ಬರುತ್ತದೆ. ಹಾಗಾಗಿ ಚಾಸಿಯ ತಳದಲ್ಲಿ, ನಡುವಿನಿಂದ ಸ್ವಲ್ಪ ಹಿಂದೆ, ಎಡಬಲ ಸಮನಾಗಿ ಇಟ್ಟು ಶುರು ಮಾಡಿ. ಒಮ್ಮೆಗೆ ಎರಡು ಮೂರು ಗ್ರಾಂ ಸಾಕು. ಮೊದಲು ಟೇಪಿನಲ್ಲಿ ಅಂಟಿಸಿ ಓಡಿಸಿ. ಗೈಡ್ ಹಾರಿದರೆ ಸ್ವಲ್ಪ ಮುಂದಕ್ಕೆ, ಕಾರು ಪಕ್ಕಕ್ಕೆ ವಾಲಿದರೆ ಹಿಂದಿನ ಚಕ್ರಗಳ ಕಡೆಗೆ ಸರಿಸಿ. ಅತಿಯಾದರೆ ಬ್ರೇಕು, ಎಳೆತ ಎರಡೂ ಮಂದವಾಗುತ್ತವೆ. ಸೀಸ ವಿಷದ ಲೋಹ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ಇಷ್ಟಾದ ಮೇಲೆ ಗೇರು, ಮೋಟಾರು. ತಿರುವು ಜಾಸ್ತಿ ಇರುವ ಟ್ರ್ಯಾಕಿಗೆ ಆಕ್ಸಲ್ ಗೇರಿನ ಹಲ್ಲು ಹೆಚ್ಚಿದ್ದರೆ ಒಳ್ಳೆಯದು. ಕಾರು ಬೇಗ ಎಳೆಯುತ್ತದೆ, ಬೇಗ ನಿಲ್ಲುತ್ತದೆ. ಉದ್ದನೆಯ ನೇರದಾರಿ ಇದ್ದರೆ ಕಡಿಮೆ ಹಲ್ಲಿನ ಗೇರು. ಹೊಸ ಮೋಟಾರನ್ನು ಕೂಡಲೇ ಪೂರ್ತಿ ವೋಲ್ಟಿಗೆ ಓಡಿಸದೆ, ಮೊದಲು 3 ಅಥವಾ 4 ವೋಲ್ಟಿನಲ್ಲಿ ಸ್ವಲ್ಪ ಹೊತ್ತು ಸುಮ್ನೆ ತಿರುಗಲು ಬಿಡಿ. ಒಳಗೆ ಕರೆಂಟು ದಾಟಿಸುವ ಬ್ರಷ್‌ಗಳು, ತಾವು ಒತ್ತಿಕೊಂಡಿರುವ ತಿರುಗುವ ಭಾಗವಾದ ಕಮ್ಯುಟೇಟರಿನ ದುಂಡಿಗೆ ಸರಿಯಾಗಿ ಕೂರುತ್ತವೆ.

ಬ್ರೇಕಿನ ವಿಷಯ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಒಂದು ಲೇನಿಗೆ ಒಂದೇ ಕಾರು ಓಡುವ ಸಾಧಾರಣ ಅನಲಾಗ್ ಸೆಟ್‌ಗಳಲ್ಲಿ ಬ್ರೇಕ್ ಇರುವ ಕಂಟ್ರೋಲರಿನ ಟ್ರಿಗರ್ ಪೂರ್ತಿ ಬಿಟ್ಟಾಗ ಮೋಟಾರಿನ ಎರಡು ತುದಿಗಳು ಒಂದಕ್ಕೊಂದು ಸೇರುತ್ತವೆ. ತಿರುಗುತ್ತಿರುವ ಮೋಟಾರ್ ಆ ಕ್ಷಣ ಜನರೇಟರ್ ಆಗಿ, ತನ್ನದೇ ಕರೆಂಟಿನಿಂದ ತನ್ನನ್ನು ತಡೆಯುತ್ತದೆ. ಕಂಟ್ರೋಲರಿನ ಓಮ್, ಅಂದರೆ ಅದು ಕರೆಂಟಿಗೆ ಒಡ್ಡುವ ತಡೆಯ ಅಳತೆ, ಮೋಟಾರಿಗೆ ಹೊಂದಬೇಕು. ಹೆಚ್ಚು ಕರೆಂಟು ಎಳೆಯುವ ಮೋಟಾರಿಗೆ ಕಡಿಮೆ ಓಮ್, ಸೌಮ್ಯವಾದ ಮೋಟಾರಿಗೆ ಹೆಚ್ಚು ಓಮ್. ಸೌಮ್ಯ ಮೋಟಾರಿಗೆ ಕಡಿಮೆ ಓಮ್ ಕಂಟ್ರೋಲರ್ ಕೊಟ್ಟರೆ ಟ್ರಿಗರ್ ಮುಟ್ಟಿದ ಕೂಡಲೇ ಕಾರು ಜಿಗಿಯುತ್ತದೆ, ನಡುವಿನ ವೇಗವೇ ಸಿಗುವುದಿಲ್ಲ. ತಿರುವಿನಲ್ಲಿ ಬೇಕಾದ್ದು ಆ ನಡುವಿನ ವೇಗವೇ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಸಲವೂ ಹತ್ತು ಲ್ಯಾಪಿನ ಸಮಯ ಬರೆದಿಡಿ. ಎರಡು ಲೇನನ್ನೂ ಬೇರೆ ಬೇರೆ ಅಳೆಯಿರಿ. ಒಳ ಲೇನಿನ ತ್ರಿಜ್ಯ 21 ಸೆಂ.ಮೀ., ಹೊರ ಲೇನಿನದು 29 ಸೆಂ.ಮೀ. ಅಂತಿಟ್ಟುಕೊಳ್ಳಿ. ಅದೇ ಹಿಡಿತದಲ್ಲಿ ಒಳ ಲೇನ್ ತಡೆಯುವುದು ಸೆಕೆಂಡಿಗೆ 1.43 ಮೀಟರ್, ಹೊರ ಲೇನ್ 1.69. ಆದರೂ ಅರ್ಧ ವೃತ್ತ ದಾಟಲು ಒಳ ಲೇನಿಗೆ ಹಿಡಿಯುವುದು 0.46 ಸೆಕೆಂಡ್, ಹೊರಗಿನದಕ್ಕೆ 0.54. ದಾರಿ ಅಷ್ಟು ಗಿಡ್ಡ. ಆದರೆ ಒಳ ಲೇನಿನಲ್ಲಿ ಬ್ರೇಕ್ ಮೊದಲೇ ಹಾಕಬೇಕು, ಹೊರಬರುವಾಗ ಎಳೆತ ಜಾಸ್ತಿ ಬೇಕು. ಹೊರ ಲೇನಿನಲ್ಲಿ ಸರಾಗವಾಗಿ ಓಡುವ ಕಾರು ಒಳ ಲೇನಿನಲ್ಲಿ ಮೂತಿ ಎತ್ತಿದರೆ, ತೂಕವನ್ನು ಇನ್ನು ಕೆಲವು ಮಿ.ಮೀ. ಮುಂದಕ್ಕೆ ಸರಿಸಿ ನೋಡಿ.